ಅಂಚಿಗೆ ನೆಟ್ಟ ಭತ್ತ

ಬಾಳ್ಳುಪೇಟೆ ಹತ್ತಿರ ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಹೋಗಿದ್ದರಿಂದ ನಾನು ಗದ್ದೆ ತಲುಪುವಷ್ಟರಲ್ಲಿ ನಾಟಿ ಅರ್ಧ ಮುಗಿದಿತ್ತು. ಮಳೆ ಹನಿಯುತ್ತಿತ್ತು. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಹೆಂಗಸರು ಬಗ್ಗಿ ಸಾಲು ಹಿಡಿದಿದ್ದರು. ಬದುವಿನ ಮೇಲೆ ಇನ್ನೂ ನೆಡದೆ ಉಳಿದ ಪೈರಿನ ಕಟ್ಟುಗಳನ್ನು ನೋಡಿದೆ. ಅಷ್ಟೂ ಕಟ್ಟುಗಳ ತುದಿಯನ್ನು ಒಂದೇ ಸಮನಾಗಿ ಕುಯ್ದಿದ್ದರು. ನಮ್ಮ ಪ್ರಯೋಗದ ಪೈರಿಗೆ ಗುರುತಿಗೆಂದು ನಾನು ಹಿಂದಿನ ದಿನವೇ ಕಟ್ಟಿಸಿದ್ದ ಬಣ್ಣದ ದಾರ ಹಾಗೆಯೇ ಇತ್ತು, ಗರಿಗಳ ತುದಿ ಮಾತ್ರ ಇರಲಿಲ್ಲ.

"ಇದನ್ನ ಯಾರು ಕುಯ್ದಿದ್ದು?" ಎಂದು ಕೇಳಿದೆ. ನನ್ನ ದನಿ ಸ್ವಲ್ಪ ಏರಿರಬೇಕು, ಹೆಂಗಸರು ತಲೆಯೆತ್ತಿ ನೋಡಿದರು.

"ನಾವೇ ಕಣ್ರೀ ಮೇಡಂ," ಎಂದರು ಗದ್ದೆಯ ಒಡತಿ, ಕೆಸರಿನ ಕೈಯನ್ನು ಸೆರಗಿಗೆ ತಾಗಿಸದೆ ದೂರ ಹಿಡಿದುಕೊಂಡು. "ಪೈರು ಎತ್ರ ಬಂದ್ಬುಟ್ಟಿತ್ತು. ಹಂಗೇ ನೆಟ್ರೆ ಗಾಳಿಗೆ ಮಲಗ್ಬುಡುತ್ತೆ. ನಮ್ ಪೈರು ಕುಯ್ದು ಅದೇ ಕೈಯಾಗೆ ನಿಮ್ದೂ ಕುಯ್ದು ಹಾಕ್ದೆ. ನಿಮಗೊಂದು ಕೆಲ್ಸ ಉಳೀತಲ್ಲ?"

ಕುಂದೂರು ಕಡೆಯ ಆ ಹಳ್ಳಿಗಳಲ್ಲಿ ಇದು ಎಲ್ಲರೂ ಮಾಡುವ ಕೆಲಸ. ಮಳೆ ಹೆಚ್ಚುಕಡಿಮೆಯಾಗಿ ನಾಟಿ ತಡವಾದರೆ ಸಸಿ ಬೆಳೆಸುವ ಒಟ್ಲಿನಲ್ಲೇ ಪೈರು ಉದ್ದ ಬೆಳೆಯುತ್ತದೆ. ಆಗ ಕಟ್ಟನ್ನು ಎಡಗೈಯಲ್ಲಿ ಹಿಡಿದು ಕುಡುಗೋಲಿನಿಂದ ತುದಿಯನ್ನು ಒಂದು ಸಲ ಸವರಿ, ಆಮೇಲೆ ನೆಡುತ್ತಾರೆ. ಅವರ ಲೆಕ್ಕದಲ್ಲಿ ಅದರಲ್ಲಿ ತಪ್ಪೇನಿಲ್ಲ. ನನ್ನ ಲೆಕ್ಕದಲ್ಲಿ ಮಾತ್ರ ಆ ವರ್ಷದ ಪ್ರಯೋಗವೇ ಮುಗಿದು ಹೋದಂತಾಗಿತ್ತು.

ಯಾಕೆಂದರೆ ನಾನು ಅಲ್ಲಿಗೆ ಹೋಗಿದ್ದೇ ಗಾಯದ ಮೂಲಕ ಹರಡುವ ಒಂದು ರೋಗಕ್ಕಾಗಿ. ಭತ್ತದ ದುಂಡಾಣು ಅಂಗಮಾರಿ ಎಂದು ಪುಸ್ತಕಗಳಲ್ಲಿ ಹೆಸರು, ಊರಿನವರು ಗರಿ ಸುಡೋ ರೋಗ ಅನ್ನುತ್ತಾರೆ. ಗರಿಯ ತುದಿಯಿಂದ ಹಳದಿ ಬಣ್ಣ ಇಳಿಯುತ್ತ ಬಂದು, ತೆನೆ ಬರುವ ಹೊತ್ತಿಗೆ ಇಡೀ ಗದ್ದೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಪ್ರಯೋಗಾಲಯದಲ್ಲಿ ಗಿಡಕ್ಕೆ ಈ ರೋಗ ಕೊಡಬೇಕೆಂದರೆ ನಾವು ಮಾಡುವುದು ಇಷ್ಟೇ. ದುಂಡಾಣು ಕಲಸಿದ ನೀರಿನಲ್ಲಿ ಕತ್ತರಿ ಅದ್ದಿ ಗರಿಯ ತುದಿ ಕತ್ತರಿಸುತ್ತೇವೆ. ಎರಡು ವಾರ ಬಿಟ್ಟು, ಕತ್ತರಿಸಿದ ಜಾಗದಿಂದ ಹಳದಿ ಎಷ್ಟು ಉದ್ದ ಇಳಿದಿದೆ ಎಂದು ಅಳೆಯುತ್ತೇವೆ. ಕತ್ತರಿಯ ಬದಲು ಕುಡುಗೋಲು ಬಂದಿತ್ತು, ಅಷ್ಟೇ ವ್ಯತ್ಯಾಸ.

ಕುಡುಗೋಲಿನಲ್ಲಿ ರೋಗ ಇತ್ತೋ ಇಲ್ಲವೋ ಮೊದಲು ನೋಡಬೇಕಿತ್ತು. ಒಡತಿಯ ಒಟ್ಲಿನಲ್ಲಿ ಉಳಿದಿದ್ದ ಪೈರಿನಲ್ಲಿ ಅಲ್ಲಲ್ಲಿ ಬಾಡಿದ ಗರಿ ಕಂಡಿತು. ಅಂಥ ಒಂದನ್ನು ಅಡ್ಡಲಾಗಿ ಕತ್ತರಿಸಿ, ಚೀಲದಲ್ಲಿದ್ದ ಗಾಜಿನ ನಳಿಕೆಗೆ ನೀರು ಹಾಕಿ ಅದರಲ್ಲಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆಯೊಂದು ನೀರಿಗಿಳಿಯಿತು. ಅದು ದುಂಡಾಣುಗಳ ಸಾಲು. ಬೇರೆ ಪರೀಕ್ಷೆ ಬೇಕಿರಲಿಲ್ಲ. ಅದೇ ಒಟ್ಲಿನ ಪೈರನ್ನು ಕುಯ್ದ ಕುಡುಗೋಲು ಒರೆಸದೆ ತೊಳೆಯದೆ ನಮ್ಮ ಕಟ್ಟುಗಳ ಮೇಲೂ ಹಾದಿತ್ತು.

ಒಡತಿಯ ಮೈದುನ ಬದುವಿನ ಮೇಲೆ ಕೂತು ನಳಿಕೆಯನ್ನೇ ನೋಡುತ್ತಿದ್ದರು. "ಅಂದ್ರೆ ಈ ವರ್ಷಾನೂ ಸುಡ್ತದೆ ಅನ್ನಿ," ಎಂದರು. ಅವರ ದನಿಯಲ್ಲಿ ಬೇಸರಕ್ಕಿಂತ ಹೆಚ್ಚಾಗಿ ತಾನು ಹೇಳಿದ್ದೇ ಆಯಿತಲ್ಲ ಎನ್ನುವ ಸಮಾಧಾನವಿತ್ತು.

ಆ ಮನೆಯ ವಿಷಯ ಇಲ್ಲಿ ಹೇಳಬೇಕು. ಒಡತಿಯ ಗಂಡ ಆನೇಮಹಲ್ ಆಚೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಊರಿಗೆ ಬರುವುದು ಅಪರೂಪ. ಗದ್ದೆಯ ಕೆಲಸ ಅತ್ತಿಗೆ ಮೈದುನರದ್ದು. ಅವರು ಬೆಳೆಯುವುದು ಹಳ್ಳದ ಕೆಂಪು ಎಂದು ಕರೆಯುವ ನಾಡತಳಿ. ಎರಡು ಗುಡ್ಡಗಳ ನಡುವಿನ ಜವಳು ಗದ್ದೆಯಲ್ಲಿ ನೀರು ನಿಂತರೂ ಕೊಳೆಯದೆ ಬೆಳೆಯುವ ಭತ್ತ ಅದೊಂದೇ. ಕಡುಬಿಗೆ ಬೇರೆ ಅಕ್ಕಿ ಹಾಕಿದರೆ ಆ ಮನೆಯಲ್ಲಿ ಯಾರೂ ಎರಡನೆಯದು ಕೇಳುವುದಿಲ್ಲ. ಸುತ್ತಲಿನವರೆಲ್ಲ ಅದರ ಬೀಜ ಬಿಟ್ಟು ಎಷ್ಟೋ ಕಾಲವಾಗಿತ್ತು. ಹಿಂದಿನ ಮಳೆಗಾಲಗಳಲ್ಲಿ ರೋಗ ಜೋರಾದಾಗ ಮೈದುನ ಒಂದೇ ಮಾತು ಹಿಡಿದಿದ್ದರು: ಗದ್ದೆಯನ್ನು ಶುಂಠಿಯವರಿಗೆ ಗುತ್ತಿಗೆಗೆ ಕೊಟ್ಟುಬಿಡೋಣ. ಶುಂಠಿಗೆ ಈ ರೋಗ ಬರುವುದಿಲ್ಲ, ಆನೆ ಬಂದರೂ ಶುಂಠಿ ತಿನ್ನುವುದಿಲ್ಲ. ಅತ್ತಿಗೆ ಇದೊಂದು ವರ್ಷ ತಡಿ ಎಂದಿದ್ದರು. ಈ ಸಲವೂ ಗರಿ ಸುಟ್ಟರೆ ತಾನು ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಶುಂಠಿ ಬೆಳೆದ ಗದ್ದೆಯ ಬದು ಒಡೆದು, ಮಣ್ಣು ಏರಿಸಿ, ಕಾಲುವೆ ತೆಗೆದಿರುತ್ತಾರೆ. ಅದು ಮತ್ತೆ ಭತ್ತಕ್ಕೆ ಬರುವುದು ಕಷ್ಟ.

ನಮ್ಮ ಕೆಲಸ ಶುರುವಾಗಿದ್ದು ಆ ಮನೆಯ ಬೀಜದಿಂದಲೇ. ರೋಗ ತಡೆಯುವ ಜೀನ್ ಹುಡುಕುವವರು ತುಂಬ ಜನ ಇದ್ದಾರೆ. ನಮ್ಮದು ತಲೆಕೆಳಗಾದ ಹುಡುಕಾಟ, ರೋಗಕ್ಕೆ ಒಳಗಿನಿಂದ ಅಗುಳಿ ತೆಗೆಯುವ ಜೀನನ್ನು ಹಿಡಿಯುವುದು. ಭತ್ತದ ಗಿಡದಲ್ಲಿ ಸಕ್ಕರೆಯನ್ನು ಜೀವಕೋಶದಿಂದ ಹೊರಕ್ಕೆ ಬಿಡುವ, ನಲ್ಲಿಯಂಥ ಒಂದು ಪ್ರೋಟೀನ್ ಇದೆ. ಅದನ್ನು ಮಾಡಿಸುವ ಜೀನ್ ಗರಿಯಲ್ಲಿ ಸಾಮಾನ್ಯವಾಗಿ ಸುಮ್ಮನಿರುತ್ತದೆ. ದುಂಡಾಣು ಗರಿಯೊಳಗೆ ಸೇರಿ ತನ್ನದೇ ಒಂದು ಪ್ರೋಟೀನನ್ನು ಗಿಡದ ಜೀವಕೋಶಕ್ಕೆ ಚುಚ್ಚುತ್ತದೆ. ಅದು ನೇರವಾಗಿ ಆ ಜೀನಿನ ಸ್ವಿಚ್ಚಿಗೆ ಹೋಗಿ ಕೂರುತ್ತದೆ. ಜೀನ್ ಎದ್ದು ಕೆಲಸ ಶುರುಮಾಡುತ್ತದೆ, ನಲ್ಲಿ ತೆರೆಯುತ್ತದೆ, ಸಕ್ಕರೆ ಸೋರುತ್ತದೆ, ದುಂಡಾಣು ತಿಂದು ಸಾವಿರವಾಗುತ್ತದೆ. ಗಿಡದ ಅಡುಗೆಮನೆಯಲ್ಲಿ ಗಿಡದ ಕೈಯಿಂದಲೇ ಬಡಿಸಿಕೊಂಡು ಉಣ್ಣುವ ಈ ಜಾಣತನ ಕಂಡು ನನಗೆ ಮೊದಮೊದಲು ಮೆಚ್ಚುಗೆಯಾಗಿತ್ತು. ಸುಟ್ಟ ಗದ್ದೆಗಳನ್ನು ನೋಡಿದ ಮೇಲೆ ಮೆಚ್ಚುಗೆ ಕಡಿಮೆಯಾಯಿತು.

ಒಡತಿ ಕೊಟ್ಟ ಹಳ್ಳದ ಕೆಂಪು ಬೀಜವನ್ನು ವಿಕಿರಣಕ್ಕೆ ಒಡ್ಡಿ, ಅದರಿಂದ ಹುಟ್ಟಿದ ಗಿಡಗಳ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಬೆಳೆಸಿ, ಒಂದೊಂದರ ತುದಿಯನ್ನೂ ಕತ್ತರಿಯಿಂದ ಕತ್ತರಿಸಿ ನೋಡಿದ್ದೆವು. ಬಹುಪಾಲು ಗಿಡಗಳು ಸುಟ್ಟವು. ಒಂದು ಗಿಡದಲ್ಲಿ ಮಾತ್ರ ಹಳದಿ ಇಳಿಯಲೇ ಇಲ್ಲ. ಅದರ ಜೀನ್ ಓದಿಸಿದಾಗ ನಲ್ಲಿ ಮಾಡುವ ಜೀನೇ ನಡುವೆ ಮುರಿದಿತ್ತು. ನಮ್ಮ ಸಂತೋಷಕ್ಕೆ ಮಿತಿಯಿರಲಿಲ್ಲ. ಇನ್ನೊಂದು ಗಿಡ ನಡುವಿನದ್ದು. ಹಳದಿ ಒಂದಷ್ಟು ಇಳಿದು ನಿಂತಿತ್ತು. ಅದರ ಜೀನ್ ಸರಿಯಾಗಿಯೇ ಇತ್ತು, ಸ್ವಿಚ್ಚಿನಲ್ಲಿ ಮಾತ್ರ ಒಂದು ಚಿಕ್ಕ ಬದಲಾವಣೆ. ನಿಂತರೆ ಪೂರ್ತಿ ನಿಲ್ಲಬೇಕು, ಅರೆಬರೆ ಯಾರಿಗೆ ಬೇಕು ಎಂದು ಅದನ್ನು ಪಕ್ಕಕ್ಕಿಟ್ಟೆವು.

ಈಗ ಗದ್ದೆಗೆ ತಂದಿದ್ದು ಮೂರು ಬಗೆಯ ಪೈರು. ಕೆಂಪು ದಾರ ಕಟ್ಟಿದ್ದು ಮೂಲ ಬೀಜ, ಹೋಲಿಕೆಗೆ. ನೀಲಿ ದಾರದ್ದು ಜೀನ್ ಮುರಿದ ಹೊಸ ಸಾಲು, ಎಲ್ಲರ ನಿರೀಕ್ಷೆಯೂ ಅದರ ಮೇಲೆ. ದಾರವಿಲ್ಲದ ಕಟ್ಟುಗಳು ಅಂಚಿಗೆ. ಯಾವ ಪ್ರಯೋಗದ ಸುತ್ತಲೂ ಎರಡು ಸಾಲು ಅಂಚು ನೆಡುವುದು ಕ್ರಮ. ಗಾಳಿ, ದನ, ಕಾಲ್ತುಳಿತ ಎಲ್ಲ ಮೊದಲು ಅದರ ಪಾಲಿಗೆ. ಅಂಚನ್ನು ಯಾರೂ ಅಳೆಯುವುದಿಲ್ಲ, ಕೊಯ್ಲಿನ ದಿನ ಮೊದಲು ಕುಯ್ದು ಪಕ್ಕಕ್ಕೆ ಎಸೆಯುತ್ತೇವೆ. ಪಕ್ಕಕ್ಕಿಟ್ಟ ಆ ನಡುವಿನ ಗಿಡದ ಬೀಜ ಡಬ್ಬಿಯಲ್ಲಿ ಸುಮ್ಮನೆ ಕೂತಿತ್ತು, ಎತ್ತರವೂ ಹೊಂದುತ್ತಿತ್ತು, ಹಾಗಾಗಿ ಅಂಚಿಗೆ ಅದನ್ನೇ ತಂದಿದ್ದೆ.

ನಮ್ಮ ವಿಭಾಗದ ಹಿರಿಯರಿಗೆ ಫೋನ್ ಮಾಡಿದೆ. ಸಿಗ್ನಲ್ ಸಿಗಲು ಕೊಡೆ ಹಿಡಿದು ಗುಡ್ಡದ ಅರ್ಧಕ್ಕೆ ಹತ್ತಬೇಕಾಯಿತು. ಅವರು ಪೂರ್ತಿ ಕೇಳಿಸಿಕೊಂಡು, "ಕಿತ್ತು ಹಾಕಿಸಿ," ಎಂದರು. "ಯಾವ ಗಿಡಕ್ಕೆ ಎಷ್ಟು ರೋಗ ತಗುಲಿದೆ ಅಂತ ಲೆಕ್ಕ ಇಲ್ಲದ ಮೇಲೆ ಅದು ಪ್ರಯೋಗ ಹೇಗಾಗುತ್ತೆ? ಉಳಿದ ಬೀಜ ಮುಂದಿನ ವರ್ಷ ಹಾಕೋಣ."

"ಮುಂದಿನ ವರ್ಷ ಇಲ್ಲಿ ಶುಂಠಿ ಇರುತ್ತೆ ಸರ್."

"ಬೇರೆ ಗದ್ದೆ ನೋಡಿದ್ರಾಯ್ತು."

ಅವರ ಮಾತು ಸರಿಯಾಗಿಯೇ ಇತ್ತು. ಬೇರೆ ಗದ್ದೆ ನಮಗೆ ಸಿಗುತ್ತಿತ್ತು. ಆದರೆ ಆ ಒಡತಿಗೆ ಬೇರೆ ಗದ್ದೆ ಇರಲಿಲ್ಲ. ಗುಡ್ಡದಿಂದ ಇಳಿಯುತ್ತ ಯೋಚಿಸಿದೆ. ಕುಡುಗೋಲಿನ ಸೋಂಕು ಒಂದೊಂದು ಗಿಡಕ್ಕೂ ಒಂದೊಂದು ಪ್ರಮಾಣದಲ್ಲಿ ತಗುಲಿರುತ್ತದೆ, ನಿಜ. ಆದರೆ ಈ ಊರಿನ ಭತ್ತಕ್ಕೆ ಪ್ರತಿ ವರ್ಷ ರೋಗ ತಗುಲುವುದೂ ಹಾಗೆಯೇ ಅಲ್ಲವೇ? ನಮ್ಮ ಕತ್ತರಿಯ ಹದ ಅವರ ಕುಡುಗೋಲಿಗೆ ಗೊತ್ತಿಲ್ಲ. ಇಲ್ಲಿ ಉಳಿದ ಗಿಡ ಎಲ್ಲಿಯಾದರೂ ಉಳಿದೀತು. ಇನ್ನೊಂದು ವಿಷಯವೂ ಹೊಳೆಯಿತು. ಕುಡುಗೋಲು ಅಂಚನ್ನೂ ಬಿಟ್ಟಿಲ್ಲ. ಎಲ್ಲವೂ ತುದಿ ಕುಯ್ಯಿಸಿಕೊಂಡಿರುವಾಗ ಎಲ್ಲವನ್ನೂ ಅಳೆಯಬೇಕು.

ಕೀಳಿಸಲಿಲ್ಲ. ಮತ್ತೆ ಗುಡ್ಡ ಹತ್ತಿ ಹಿರಿಯರಿಗೆ ಫೋನ್ ಮಾಡಿ, ಉಳಿಸಿಕೊಳ್ಳುತ್ತೇನೆ, ಅಂಚು ಸೇರಿಸಿ ಅಳೆಯುತ್ತೇನೆ ಎಂದೆ. "ಅಂಚನ್ನಾ?" ಎಂದು ನಕ್ಕರು. "ನಿಮ್ಮಿಷ್ಟ. ಆದರೆ ಇದನ್ನ ಪ್ರಯೋಗ ಅಂತ ಬರೆಯೋ ಹಾಗಿಲ್ಲ."

ಆಮೇಲಿನದು ಬೇಸರದ ಕೆಲಸ. ಹಾಸನದ ಬಸ್ಸು, ಬಾಳ್ಳುಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು, ಅಲ್ಲಿಂದ ನಡಿಗೆ. ಜಿಗಣೆಗೆ ಸುಣ್ಣ, ಕೈಯಲ್ಲಿ ಸ್ಕೇಲು. ಒಂದೊಂದು ಬಗೆಯಲ್ಲೂ ಕಣ್ಣುಮುಚ್ಚಿ ಆರಿಸಿದಂತೆ ಗಿಡಗಳನ್ನು ಹಿಡಿದು, ಗರಿಯ ಕುಯ್ದ ತುದಿಯಿಂದ ಹಳದಿ ನಿಂತ ಜಾಗದವರೆಗೆ ಅಳೆಯುವುದು. ಕೆಂಪು ದಾರದ ಮೂಲ ಬೀಜ ಬೇಗ ಸುಟ್ಟಿತು. ಒಡತಿಯ ಸ್ವಂತ ಗದ್ದೆಯೂ ಅದೇ ದಾರಿ ಹಿಡಿಯಿತು. ನೀಲಿ ದಾರದ ಮಡಿ ಮಾತ್ರ ತುದಿಯಲ್ಲಿ ಒಂದು ಕೂದಲೆಳೆ ಕಂದು ಬಣ್ಣ ಬಿಟ್ಟರೆ ಉಳಿದಂತೆ ಗಿಣಿಹಸಿರು. ಅಂಚು ಇವೆರಡರ ನಡುವೆ. ತುದಿ ಒಣಗಿತು, ಹಳದಿ ಬೆರಳುದ್ದ ಇಳಿಯಿತು, ಅಲ್ಲಿಗೆ ನಿಂತಿತು. ನೋಡಲು ಚೆಂದವಿರಲಿಲ್ಲ. ಬರೆದುಕೊಂಡು ಮುಂದಕ್ಕೆ ಹೋದೆ.

ತೆನೆ ಒಳಗೇ ಉಬ್ಬಿ ಹೊಡೆ ಕಟ್ಟುವ ಹೊತ್ತಿಗೆ ಆ ನೀಲಿ ಮಡಿ ಊರಿಗೇ ಒಂದು ನೋಟವಾಗಿತ್ತು. ಸುತ್ತ ಸುಟ್ಟ ಗದ್ದೆಗಳ ನಡುವೆ ಆ ಒಂದು ತುಂಡು ಹಸಿರನ್ನು ರಸ್ತೆಯಿಂದಲೇ ಗುರುತು ಹಿಡಿಯಬಹುದಿತ್ತು. ಬದುವಿನ ಮೇಲೆ ಜನ ನಿಂತಿರುತ್ತಿದ್ದರು. ಬೀಜ ನಮಗೂ ಬೇಕು ಎಂದು ಹೇಳಿಟ್ಟು ಹೋಗುತ್ತಿದ್ದರು. ಒಡತಿ ಪ್ರತಿ ಸಲ ನನಗೆ ಕಾಫಿಯ ಜೊತೆ ಕಡುಬು ಕೊಡತೊಡಗಿದರು. ಮೈದುನರ ಮುಖವೂ ಸಡಿಲವಾಗಿತ್ತು.

"ಶುಂಠಿಯೋರು ಬಂದಿದ್ರು ಮೇಡಂ," ಎಂದರು ಒಂದು ದಿನ. "ಈ ಸಲ ಬ್ಯಾಡ, ಬೇರೆ ಕಡೆ ನೋಡ್ಕಳಿ ಅಂತ ವಾಪಸ್ ಕಳಿಸ್ಬುಟ್ಟೆ. ಅತ್ಗೆ ಗೆದ್ದರು ಕಣ್ರೀ."

ನನಗೆ ಆ ದಿನ ಖುಷಿಯಾಗಿತ್ತು. ಬಚ್ಚಿಡುವುದೇನು, ಹೆಮ್ಮೆಯೇ ಆಗಿತ್ತು.

ಹೂ ಬಿಟ್ಟ ಮೇಲೆ ಹೋದಾಗ ಹೆಮ್ಮೆಯ ಜಾಗದಲ್ಲಿ ಒಂದು ಅನುಮಾನ ಬಂದು ಕೂತಿತು. ಸುಟ್ಟ ಗದ್ದೆಯಲ್ಲೂ ತೆನೆಗಳು ಕೊಂಚ ಬಾಗತೊಡಗಿದ್ದವು. ಅಂಚಿನ ತೆನೆಗಳಂತೂ ಚೆನ್ನಾಗಿ ಬಾಗಿದ್ದವು. ನೀಲಿ ಮಡಿಯ ತೆನೆಗಳು ನೆಟ್ಟಗೆ ಆಕಾಶ ನೋಡುತ್ತಿದ್ದವು. ತಡವಾಗಿ ಹೂಬಿಟ್ಟ ಗಿಡಗಳಿರಬಹುದು ಎಂದುಕೊಂಡೆ. ಕುಂಡಗಳಲ್ಲಿ ಬೆಳೆದಾಗಲೂ ಈ ಸಾಲಿನ ಕಾಳು ಕಡಿಮೆಯಾಗಿತ್ತು ಎಂಬುದು ಆಗ ನೆನಪಾಯಿತು. ಹಸಿರುಮನೆಯ ಬಿಸಿಗೆ ಹಾಗಾಗಿದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದೆವು. ಗಾಜಿನ ಮನೆಯಲ್ಲಿ ಯಾವ ತಪ್ಪನ್ನಾದರೂ ಬಿಸಿಯ ತಲೆಗೆ ಕಟ್ಟಬಹುದು. ಇಲ್ಲಿ ಮಂಜು ಇಳಿಯುವ ಕಾಲ, ಹಾಗೆ ಹೇಳುವಂತಿರಲಿಲ್ಲ.

ಮಾರನೆಯ ವಾರ ಚಿಕ್ಕ ಸೂಕ್ಷ್ಮದರ್ಶಕ ಮತ್ತು ಅಯೋಡಿನ್ ದ್ರಾವಣ ಹೊತ್ತುಕೊಂಡು ಹೋದೆ. ತಡವಾಗಿ ಒಡೆದ ತೆನೆಗಳಲ್ಲಿ ಇನ್ನೂ ಅರಳದ ಹೂಗಳನ್ನು ಬೆಳಿಗ್ಗೆಯೇ ಕಿತ್ತು, ಒಳಗಿನ ಪರಾಗವನ್ನು ಗಾಜಿನ ಮೇಲೆ ಉದುರಿಸಿ, ಅಯೋಡಿನ್ ಹನಿ ಹಾಕಿ ನೋಡಬೇಕು. ಹಿಟ್ಟು ತುಂಬಿದ ಪರಾಗ ಕಪ್ಪಾಗುತ್ತದೆ, ಟೊಳ್ಳು ಪರಾಗಕ್ಕೆ ಬಣ್ಣ ಹತ್ತುವುದಿಲ್ಲ. ಮೂಲ ಬೀಜದ್ದು ಕಪ್ಪಾಯಿತು. ಅಂಚಿನದ್ದೂ ಕಪ್ಪಾಯಿತು. ನೀಲಿ ಮಡಿಯದ್ದು ಬಹುಪಾಲು ತಿಳಿಹಳದಿಯಾಗಿಯೇ ಉಳಿಯಿತು. ಮತ್ತೆ ಮಾಡಿದೆ, ಬೇರೆ ಗಿಡದ್ದು, ಬೇರೆ ಮೂಲೆಯದ್ದು. ಅದೇ ಉತ್ತರ.

ಆಗ ವಿಷಯ ಸ್ಪಷ್ಟವಾಯಿತು. ಆ ನಲ್ಲಿ ಇರುವುದು ದುಂಡಾಣುವಿಗಾಗಿ ಅಲ್ಲ. ಗಿಡ ಅದನ್ನು ಇಟ್ಟುಕೊಂಡಿರುವುದು ಪರಾಗಕ್ಕೆ, ಎಳೆಯ ಕಾಳಿಗೆ ಸಕ್ಕರೆ ಉಣಿಸಲು. ಗರಿಯಲ್ಲಿ ದುಂಡಾಣು ಅದನ್ನು ಕದ್ದು ತೆರೆಯುತ್ತದೆ, ಅಷ್ಟೇ. ಕಳ್ಳನಿಗೆ ಸಿಗಬಾರದೆಂದು ನಾವು ನಲ್ಲಿಯನ್ನೇ ಒಡೆದಿದ್ದೆವು. ಕಳ್ಳನೂ ಉಪವಾಸ, ಮನೆಯ ಮಕ್ಕಳೂ ಉಪವಾಸ. ಅಂಚಿನ ಗಿಡದಲ್ಲಿ ನಲ್ಲಿ ಸರಿಯಾಗಿದೆ, ದುಂಡಾಣು ಒತ್ತುವ ಸ್ವಿಚ್ಚು ಮಾತ್ರ ಬಿಗಿಯಾಗಿದೆ. ಅದಕ್ಕೇ ಗರಿ ಸ್ವಲ್ಪ ಸುಟ್ಟು ನಿಂತಿತು, ತೆನೆ ಬಾಗಿತು.

ಹಿರಿಯರಿಗೆ ಹೇಳಿದಾಗ ಅವರು, "ಕೊಯ್ಲಿನವರೆಗೆ ಅಲ್ಲಿ ಯಾರಿಗೂ ಹೇಳಬೇಡಿ. ಕಾಳು ತೂಕ ಮಾಡಿದ ಮೇಲೆ ಹೇಳೋಣ," ಎಂದರು. ಕೆಲಸದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಕೊಯ್ಲಿನ ಹೊತ್ತಿಗೆ ಶುಂಠಿಯವರು ಬೇರೆ ಗದ್ದೆ ಹಿಡಿದಿರುತ್ತಾರೆ. ಜೊಳ್ಳು ಭತ್ತ ನಂಬಿಕೊಂಡು ಆ ಮನೆಯವರು ಎರಡೂ ಕಳೆದುಕೊಳ್ಳುತ್ತಾರೆ. ಹೇಳಿದರೆ ಗದ್ದೆ ಶುಂಠಿಗೆ ಹೋಗುತ್ತದೆ, ಹಳ್ಳದ ಕೆಂಪು ಅಲ್ಲಿಗೆ ಮುಗಿಯುತ್ತದೆ. ಎರಡರಲ್ಲಿ ಯಾವುದೂ ನನಗೆ ಹಿತವಾಗಿರಲಿಲ್ಲ. ಹೇಳುವುದೆಂದು ತೀರ್ಮಾನಿಸಿದೆ.

ಜಗಲಿಯ ಮೇಲೆ ಸೂಕ್ಷ್ಮದರ್ಶಕ ಇಟ್ಟು ಅತ್ತಿಗೆ ಮೈದುನ ಇಬ್ಬರನ್ನೂ ಕರೆದೆ. ಮೊದಲು ಅಂಚಿನ ಪರಾಗ ತೋರಿಸಿದೆ. ಮೈದುನ ಒಂದು ಕಣ್ಣು ಮುಚ್ಚಿ ಬಗ್ಗಿದರು.

"ರಾಗಿ ಚೆಲ್ಲಿದಂಗೆ ಐತೆ," ಎಂದರು.

ಆಮೇಲೆ ನೀಲಿ ಮಡಿಯದ್ದು.

"ಇದ್ರಾಗೆ ಏನೂ ಇಲ್ವಲ್ಲ? ಬರೀ ನೀರ್ಗುಳ್ಳೆ ಇದ್ದಂಗೈತೆ."

"ಅದೇ ನಿಮ್ಮ ಹಸಿರು ಮಡಿ," ಎಂದೆ. "ಅದು ಹಸಿರಾಗೇ ಇರುತ್ತೆ. ಆದರೆ ತೆನೆಯಲ್ಲಿ ಕಾಳು ಕಟ್ಟೋದು ತೀರಾ ಕಡಿಮೆ. ಬಹುಪಾಲು ಜೊಳ್ಳು."

ಒಡತಿಯೂ ಸೂಕ್ಷ್ಮದರ್ಶಕದೊಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಮೈದುನ ಎದ್ದು ನಿಂತರು.

"ನಿಮ್ಮ ಭತ್ತ ನೋಡ್ಕಂಡು ನಾನು ಶುಂಠಿಯೋರ್ನ ವಾಪಸ್ ಕಳಿಸ್ದೆ ಕಣ್ರೀ! ಊರಾಗೆಲ್ಲ ಹೇಳ್ಕಂಡು ಬಂದಿವ್ನಿ. ಈಗ ಜೊಳ್ಳು ಅಂತೀರಲ್ಲ, ನಾನ್ ಯಾವ ಮುಖ ಇಟ್ಕಂಡು ತಿರ್ಗಾ ಅವ್ರನ್ನ ಕರೀಲಿ?"

"ಅದಕ್ಕೇ ಈಗಲೇ ಹೇಳ್ತಿದೀನಿ. ಇನ್ನೂ ಹೊತ್ತಿದೆ, ಕರೀಬಹುದು."

"ಕರೀತೀನಿ. ಕರೀದೆ ಇನ್ನೇನು ಮಾಡ್ಲಿ?"

"ಈ ರಾಗಿ ಥರ ಇತ್ತಲ್ಲ, ಅದ್ಯಾವುದು?" ಎಂದು ಒಡತಿ ಕೇಳಿದರು.

"ಅಂಚಿಗೆ ನೆಟ್ಟಿದ್ದು. ಅದೂ ನಿಮ್ಮ ಬೀಜದಿಂದಲೇ ಬಂದಿದ್ದು. ಅದು ಉಳಿಯಬಹುದು. ಖಂಡಿತ ಅಂತ ಹೇಳಲಾರೆ."

"ಅಂಚಿಂದು ದನಕ್ಕೆ ಹಾಕೋದಲ್ವಾ ಅತ್ಗೆ?" ಎಂದು ಮೈದುನ ಕಹಿಯಾಗಿ ನಕ್ಕು ಹೊರಗೆ ಹೋದರು. ಆ ದಿನ ಕಡುಬು ಇರಲಿಲ್ಲ, ಕಾಫಿ ಮಾತ್ರ ಬಂತು. ವಾಪಸು ಬರುವಾಗ ನನಗೆ ಅಳು ಬರುವಷ್ಟು ಬೇಸರವಾಗಿತ್ತು. ಅಳಲಿಲ್ಲ, ಬಾಳ್ಳುಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ಎರಡು ಬೋಂಡ ತಿಂದೆ.

ಅಂಚಿನ ಸಾಲನ್ನು ಉಳಿಸಿಕೊಳ್ಳುವುದು ಆಮೇಲಿನ ಕೆಲಸವಾಯಿತು. ಬದುವಿಗೆ ಹತ್ತಿರವಿದ್ದದ್ದರಿಂದ ದನ ಬಾಯಿ ಹಾಕಿದ್ದವು, ಬೀಜ ಕೇಳಲು ಬಂದವರು ತುಳಿದಿದ್ದರು, ಒಂದು ಮೂಲೆಯಲ್ಲಿ ಆನೆ ಹಾದು ಹೋದ ಗುರುತಿತ್ತು. ಅಂಚಿಗೆಂದು ನೆಟ್ಟದ್ದು ಅಂಚಿನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಹಗ್ಗ ಕಟ್ಟಿ, ಮುಳ್ಳಿನ ಕೊಂಬೆ ಇಟ್ಟು, ಈಗ ಅಂಚಿಗೇ ಅಂಚು ಮಾಡಿದೆ. ಹಿರಿಯರು ಒಂದು ಸಲ ತಾವೇ ಬಂದು ನೋಡಿದರು. ನೀಲಿ ಮಡಿಯ ತೆನೆ ಹಿಸುಕಿ ನೋಡಿ, ಅಂಚಿನದ್ದನ್ನು ಹಿಸುಕಿ ನೋಡಿ, "ಪಕ್ಕಕ್ಕೆ ಇಡಿ ಅಂತ ಹೇಳಿದ್ದು ನಾನೇ ಅಲ್ವಾ ಇದನ್ನ?" ಎಂದರು. ನಾನು ಹೌದು ಎಂದೆ.

ಕೊಯ್ಲಿನ ದಿನ ಶುಂಠಿಯವರೂ ಬಂದಿದ್ದರು. ಮೈದುನ ಕರೆಸಿದ್ದರು. ಟೇಪು ಹಿಡಿದ ಒಬ್ಬರು ಕೆಳಗಿನ ಗದ್ದೆಯಿಂದ ಅಳೆಯುತ್ತ ಬರುತ್ತಿದ್ದರು. ನಾವು ಕಣದಲ್ಲಿ ನೀಲಿ ಮಡಿಯದ್ದನ್ನೂ ಅಂಚಿನದ್ದನ್ನೂ ಬೇರೆ ಬೇರೆ ಬಡಿದೆವು. ಒಡತಿ ಮೊದಲು ನೀಲಿ ಮಡಿಯದ್ದನ್ನು ಮೊರಕ್ಕೆ ಹಾಕಿ ತೂರಿದರು. ಗಾಳಿಗೆ ಬಹುಪಾಲು ಹಾರಿ ಬೇಲಿಯವರೆಗೆ ಹೋಯಿತು, ಮೊರದ ತಳದಲ್ಲಿ ಒಂದು ಹಿಡಿ ಉಳಿಯಿತು. ಆಮೇಲೆ ಅಂಚಿನದ್ದು. ಒಂದಷ್ಟು ಹೊಟ್ಟು ಹೋಯಿತು, ಉಳಿದದ್ದು ಮೊರದಲ್ಲೇ ಕುಣಿದು ಕೆಳಗೆ ಕೂತಿತು. ಒಡತಿ ತೂರುತ್ತಲೇ ಹೋದರು. ರಾಶಿ ದೊಡ್ಡದೇನಲ್ಲ, ಒಂದು ಮಡಿಗೆ ಬೀಜವಾಗುವಷ್ಟು.

ಟೇಪು ಹಿಡಿದವರು ಮೇಲಿನ ಗದ್ದೆಗೆ ಕಾಲಿಟ್ಟಾಗ ಒಡತಿ ಮೊರ ಕೆಳಗಿಟ್ಟರು.

"ಅದೊಂದು ಬಿಟ್ಬುಡಿ," ಎಂದರು. "ಕೆಳಗಿನವು ತಗಳಿ. ಹಳ್ಳದ ನೀರು ಮೊದ್ಲು ಬೀಳೋ ಗದ್ದೆ ಅದು. ಅದು ನನಗೆ ಬೇಕು."

"ನೀರು ಬೀಳೋ ಗದ್ದೇನೇ ಬಿಟ್ರೆ ನಮಗೆ ನೀರು ಎಲ್ಲಿಂದ ಬರುತ್ತಮ್ಮ?" ಎಂದರು ಶುಂಠಿಯವರು. "ಕೊಟ್ರೆ ಎಲ್ಲ ಕೊಡಿ. ಇಲ್ಲ ಅಂದ್ರೆ ನಮಗೆ ಬೇಡ."

ಎಲ್ಲರೂ ಮೈದುನರ ಕಡೆ ನೋಡಿದರು. ಅತ್ತಿಗೆ ಮಾತು ಕೊಟ್ಟಾಗಿತ್ತು, ಈ ಸಲ ಗರಿ ಸುಟ್ಟರೆ ಬಾಯಿ ಬಿಡುವುದಿಲ್ಲವೆಂದು. ಗರಿ ಸುಟ್ಟಿತ್ತು. ಅವರು ರಾಶಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದು ಕಾಳನ್ನು ಹಲ್ಲಿನಲ್ಲಿ ಕಡಿದರು. ಒಳಗೆ ಕೆಂಪು ಅಕ್ಕಿ ಇತ್ತು.

"ಮೇಡಂ, ಇದು ಗ್ಯಾರಂಟಿನಾ?"

"ಇಲ್ಲ," ಎಂದೆ. "ಈ ವರ್ಷ, ಈ ಹಳ್ಳದಲ್ಲಿ, ಈ ದುಂಡಾಣುವಿಗೆ ನಿಂತಿದೆ. ಅದು ನಾಳೆ ಬೇರೆ ಸ್ವಿಚ್ಚು ಹುಡುಕಿಕೊಂಡರೆ ಇದೂ ಸುಡಬಹುದು. ಗರಿ ಪೂರ್ತಿ ಹಸಿರಾಗಂತೂ ಇರಲ್ಲ."

ಅವರು ಕಡಿದ ಕಾಳನ್ನು ಅಂಗೈಯಲ್ಲಿ ಉರುಳಿಸುತ್ತ, "ಜೊಳ್ಳು ಅಂತ ಹೇಳಕ್ಕೆ ಅವತ್ತು ಬರ್ದೇ ಇದ್ದಿದ್ರೆ ಇವತ್ತು ನಿಮ್ಮನ್ನ ಕಣಕ್ಕೇ ಬಿಡ್ತಿರ್ಲಿಲ್ಲ," ಎಂದರು. ಎದ್ದು ಶುಂಠಿಯವರ ಕಡೆ ತಿರುಗಿದರು. "ಟೇಪು ಸುತ್ಕಳ್ರಣ್ಣ. ಗದ್ದೆ ಖಾಲಿ ಇಲ್ಲ."

ಒಡತಿ ಮತ್ತೆ ಮೊರ ಎತ್ತಿಕೊಂಡರು. ತೂರುವ ಕೆಲಸ ಮುಗಿದೇ ಹೋಗಿತ್ತು, ಆದರೂ ಇನ್ನೊಂದು ಸಲ ತೂರಿದರು.

ಬೇಸಿಗೆ ಬೆಳೆಯಾಗಿ ಆ ಬೀಜವನ್ನು ಮೇಲಿನ ಗದ್ದೆಗೆ ಹಾಕುವುದೆಂದು ಮಾತಾಯಿತು. ನಮ್ಮ ಪಾಲಿನ ಬೀಜ ನಾನು ತಂದೆ. ನಾಟಿಯ ದಿನ ಈ ಸಲ ತಡ ಮಾಡಬಾರದೆಂದು ಮೊದಲ ಬಸ್ಸಿಗೇ ಹೊರಟೆ. ಬೀಜದ ಬೆಳೆ ಇದು, ತುದಿ ಕುಯ್ಯಬೇಡಿ ಎಂದು ಮೊದಲೇ ಹೇಳಿಟ್ಟಿದ್ದೆ. ಹೋಗಿ ನೋಡಿದರೆ ಕಟ್ಟುಗಳೆಲ್ಲ ತುದಿ ಸಮೇತ ಇದ್ದವು. ಮೈದುನ ಮಾತ್ರ ಎಲ್ಲರಿಂದ ದೂರ, ನೀರು ಹೊರಗೆ ಹೋಗುವ ಮೂಲೆಯಲ್ಲಿ ಒಬ್ಬರೇ ಬಗ್ಗಿ ನೆಡುತ್ತಿದ್ದರು. ಅವರ ಕೈಯಲ್ಲಿದ್ದ ಕಟ್ಟಿನ ತುದಿಯನ್ನು ನುಣ್ಣಗೆ ಕುಯ್ದಿದ್ದರು.

"ಬಯ್ಬೇಡಿ ಮೇಡಂ," ಎಂದರು ನಾನು ಬಾಯಿ ತೆರೆಯುವ ಮೊದಲೇ. "ಇದೊಂದು ಕಟ್ಟು ಮಾತ್ರ. ಹಳೇ ಕೂಳೆಯಾಗೆ ಸುಟ್ಟ ಗರಿ ಇದ್ವಲ್ಲ, ಕುಡ್ಲನ್ನ ಅದಕ್ಕೆ ಚೆನ್ನಾಗಿ ಒರೆಸ್ಕಂಡೇ ಕುಯ್ದಿವ್ನಿ. ನಿಲ್ತದೋ ಇಲ್ವೋ ನಮಗೂ ಗೊತ್ತಾಗ್ಬೇಕಲ್ಲ?"

ನಾನು ಬಯ್ಯಲಿಲ್ಲ. ಚೀಲದಲ್ಲಿ ಹುಡುಕಿ, ಗುರುತಿಗೆಂದು ಬೇರೆ ಬಣ್ಣದ ದಾರದ ತುಂಡೊಂದನ್ನು ಕೊಟ್ಟೆ. ಅವರು ಅದನ್ನು ಕಡ್ಡಿಗೆ ಕಟ್ಟಿ ಆ ಮೂಲೆಗೆ ನೆಟ್ಟರು.